ಬೈರಯ್ಯನ ಎರಡು ಗೀಟು

ಸಿಲಿಂಡರ್ ಕಂಡಲ್ಲಿ ಜಲಜಾ ನಿಲ್ಲುತ್ತಾಳೆ. ಮಾಗಡಿ ರಸ್ತೆಯ ವೆಲ್ಡಿಂಗ್ ಅಂಗಡಿಯ ಮುಂದೆ, ನರ್ಸಿಂಗ್ ಹೋಮಿನ ಹಿಂಬಾಗಿಲ ಬಳಿ, ಸಿಗ್ನಲ್ಲಿನಲ್ಲಿ ನಿಂತ ಲಗೇಜ್ ಆಟೋದ ಪಕ್ಕದಲ್ಲಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡು, ಬಗ್ಗಿ, ಸಿಲಿಂಡರಿನ ಹೆಗಲ ಮೇಲೆ ಒತ್ತಿರುವ ಅಂಕಿಗಳನ್ನು ಓದುತ್ತಾಳೆ. ಓದಿದ ಮೇಲೆ ಏನೂ ಆಗಿಲ್ಲವೆಂಬಂತೆ ಮುಂದೆ ನಡೆಯುತ್ತಾಳೆ. ಅವಳು ಹುಡುಕುತ್ತಿರುವುದು ಒಂದೇ ನಂಬರನ್ನು: ಏಳು, ಏಳು, ಒಂದು, ನಾಲ್ಕು. ಆ ನಂಬರಿನ ಸಿಲಿಂಡರು ಸಿಡಿಯುವ ಮೊದಲು ಅವಳ ಕಣ್ಣಿಗೆ ಬೀಳಬೇಕು. ಬಿದ್ದರೆ ಅವಳ ಕೆಲಸ ಮುಗಿಯಿತು.

ಬಸವೇಶ್ವರನಗರದಲ್ಲಿ ಅವಳಿರುವುದು ದೊಡ್ಡಮ್ಮ ಕಮಲಾಕ್ಷಮ್ಮನ ಮನೆಯಲ್ಲಿ. ದೊಡ್ಡಮ್ಮ ಪಕ್ಕದ ಮನೆಯವರೊಡನೆ ಬಾಯಿ ಬಿಟ್ಟರೆ ಬೀದಿಗೆಲ್ಲ ಕೇಳುತ್ತದೆ. "ಗಂಡಿನ ಕಡೆಯೋರು ಬಂದು ಕೂತಿದಾರೆ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿದೆ, ಹೊರಗೆ ಅದ್ಯಾವುದೋ ಗಾಡಿ ಹೋಯ್ತು ನೋಡಿ, ತಟ್ಟೆ ನನ್ನ ಕೈಗೆ ಕೊಟ್ಟು ಓಡೇಬಿಟ್ಲು ಕಣ್ರೀ. ಏನಮ್ಮಾ ಅಂದ್ರೆ ಸಿಲಿಂಡರ್ ಅಂತೆ!"

"ಅಡುಗೆ ಸಿಲಿಂಡರಲ್ಲ ದೊಡ್ಡಮ್ಮ. ಉದ್ದನೇದು."

"ಉದ್ದನೇ ಗಂಡು ಬಂದಿದ್ದ, ಅವನನ್ನ ನೋಡ್ಲಿಲ್ಲ ನೀನು."

ಜಲಜಾ ನಗುತ್ತಾಳೆ. ನಗುವಾಗಲೂ ಅವಳ ಕಿವಿ ಬೀದಿಯ ಕಡೆಗೇ ಇರುತ್ತದೆ.

ಅವಳು ಚಿಕ್ಕನಾಯಕನಹಳ್ಳಿಯಿಂದ ಬಂದವಳು. ಬಿ.ಕಾಂ. ಮುಗಿಸಿ, ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪಾಸು ಮಾಡಿ, ರಾಜಾಜಿನಗರದ ಒಂದು ಮಹಡಿಯ ಮೇಲೆ ಆರು ತಿಂಗಳು ಕಂಪ್ಯೂಟರ್ ಕಲಿತಳು. ಎಂಬತ್ತೆಂಟರ ಮೇ ತಿಂಗಳಲ್ಲಿ ಕೈಗಾರಿಕಾ ಬಡಾವಣೆಯ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಆಕ್ಸಿಜನ್ನು, ನೈಟ್ರೋಜನ್ನು ತುಂಬುವ ಉದ್ದನೆಯ ಸಿಲಿಂಡರುಗಳನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಕೊಡುವ ಜಾಗ ಅದು. ಮಾಲೀಕ ಏಕಾಂತಯ್ಯ ದಾವಣಗೆರೆ ಕಡೆಯವರು. ಹಣೆಗೆ ಮೂರು ಬೆರಳು ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ಯಾರ ಮೇಲೂ ದನಿ ಎತ್ತಿದವರಲ್ಲ.

ಮೊದಲ ದಿನ ಅವರೇ ಅವಳನ್ನು ಶೆಡ್ಡಿನೊಳಗೆ ಕರೆದುಕೊಂಡು ಹೋಗಿ ತೋರಿಸಿದರು. ನೆಲದಲ್ಲಿ ಬಾವಿಯಂಥ ಒಂದು ಗುಂಡಿ. ಅದರೊಳಗೆ ಸಿಲಿಂಡರನ್ನು ಇಳಿಬಿಟ್ಟು, ಅದರ ಹೊಟ್ಟೆ ತುಂಬ ನೀರು ತುಂಬಿ, ಪಂಪಿನಿಂದ ಒತ್ತಡ ಏರಿಸುತ್ತಾರೆ. ಎಂಥ ಉಕ್ಕಾದರೂ ಆ ಒತ್ತಡಕ್ಕೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಒತ್ತಡ ಇಳಿಸಿದಾಗ ಮತ್ತೆ ಮೊದಲಿನ ಅಳತೆಗೆ ಬರಬೇಕು.

"ಹಿಗ್ಗಿದ್ದು ಕುಗ್ಗಲಿಲ್ಲ ಅಂದ್ರ ಅದು ಕಂಡಮ್ಮು, ತಂಗಿ," ಎಂದರು ಏಕಾಂತಯ್ಯ. "ತೂಕ ಕಡಿಮೆ ಬಂದ್ರೂ ಕಂಡಮ್ಮು. ಒಳಗ ತುಕ್ಕು ತಿಂದೈತಿ ಅಂತ ಲೆಕ್ಕ. ಅಂಥದ್ದಕ್ಕ ಗ್ಯಾಸ್ ತುಂಬಿದ್ರ ಬಾಂಬಿಗೆ ಬತ್ತಿ ಇಟ್ಟಂಗ."

ಗುಂಡಿಯ ಬಳಿ ಕೆಲಸ ಮಾಡುತ್ತಿದ್ದವನು ಬೈರಯ್ಯ. ಉಲ್ಲಾಳದವನು, ಐವತ್ತು ದಾಟಿದವನು. ಇಪ್ಪತ್ತು ವರ್ಷದಿಂದ ಅದೇ ಗುಂಡಿ, ಅದೇ ನೀರು. ನೆಂದು ನೆಂದು ಅವನ ಬೆರಳ ತುದಿಗಳು ಸದಾ ಸುಕ್ಕುಗಟ್ಟಿರುತ್ತಿದ್ದವು. ಆ ಬೆರಳುಗಳಲ್ಲೇ ಅವನು ಉದ್ದನೆಯ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ: ಸಿಲಿಂಡರಿನ ನಂಬರು, ಅದನ್ನು ಕಳಿಸಿದ ಪಾರ್ಟಿಯ ಹೆಸರು, ತೂಕ, ಹಿಗ್ಗು. ಸಂಜೆಗೆ ಆ ರಿಜಿಸ್ಟರು ಆಫೀಸಿಗೆ ಬರುತ್ತಿತ್ತು. ಅಲ್ಲಿ ಪಟ್ಟಿ ತಯಾರಾಗಿ ಅಂಜಿನಯ್ಯನ ಕೈಗೆ ಹೋಗುತ್ತಿತ್ತು. ಅವನು ಪಟ್ಟಿಯಲ್ಲಿದ್ದ ಸಿಲಿಂಡರುಗಳನ್ನು ಒಂದೊಂದಾಗಿ ಹುಡುಕಿ, ಉಕ್ಕಿನ ಅಚ್ಚು ಇಟ್ಟು ಸುತ್ತಿಗೆಯಿಂದ ಹೊಡೆದು, ಅವುಗಳ ಹೆಗಲ ಮೇಲೆ ಆ ತಿಂಗಳು, ಆ ವರ್ಷ ಒತ್ತುತ್ತಿದ್ದ. ಆ ಗುರುತು ಬಿತ್ತೆಂದರೆ ಮುಂದಿನ ಐದು ವರ್ಷ ಆ ಸಿಲಿಂಡರನ್ನು ಯಾರೂ ಪ್ರಶ್ನಿಸುವುದಿಲ್ಲ.

ಪಟ್ಟಿ ಮಾಡುವ ಕೆಲಸ ಅದುವರೆಗೆ ಗುರುಸಿದ್ದಯ್ಯ ಎಂಬ ಹಳೆಯ ಗುಮಾಸ್ತರದಾಗಿತ್ತು. ಅವರು ನಿವೃತ್ತರಾಗಿ ಊರಿಗೆ ಹೋದರು. ಅವರ ಟೈಪ್‌ರೈಟರ್ ಇದ್ದ ಮೇಜಿನ ಮೇಲೆ ಕಂಪ್ಯೂಟರ್ ಬಂದು ಕೂತಿತು. ಕೋಣೆಗೆ ಗಾಜಿನ ಬಾಗಿಲು, ಕಿಟಕಿಗೆ ಪರದೆ. ಒಳಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕು. ಧೂಳು ಹೋದರೆ ಕೆಟ್ಟುಹೋಗುತ್ತದೆಂದು ಕಂಪನಿಯವರು ಹೇಳಿದ್ದರು. ಅಂಜಿನಯ್ಯನಿಗೆ ಅದು ದೇವರ ಮನೆಯ ಕಟ್ಟಳೆಯ ಹಾಗೆ ಕಂಡಿತು. ಚಪ್ಪಲಿ ಬಿಟ್ಟದ್ದಲ್ಲದೆ ಕಾಲನ್ನೂ ಒರೆಸಿಕೊಂಡೇ ಬಾಗಿಲಲ್ಲಿ ನಿಲ್ಲುತ್ತಿದ್ದ. ಬೈರಯ್ಯನಂತೂ ಆ ಕಡೆ ಬರುತ್ತಲೇ ಇರಲಿಲ್ಲ. ಮೈಯೆಲ್ಲ ನೀರು, ಅಲ್ಲಿ ತನಗೇನು ಕೆಲಸ ಎನ್ನುತ್ತಿದ್ದ.

ಬೈರಯ್ಯನ ಬರವಣಿಗೆ ದುಂಡಗಿತ್ತು, ನಿಧಾನವಾಗಿತ್ತು. ಒಂದೇ ಪಾರ್ಟಿಯ ಇಪ್ಪತ್ತು ಸಿಲಿಂಡರು ಇದ್ದರೆ ಇಪ್ಪತ್ತು ಸಲವೂ ಹೆಸರನ್ನು ಪೂರ್ತಿ ಬರೆಯುವವನು. ಆದರೆ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ನಂಬರು, ಹೆಸರು ಮಾತ್ರ ಇರುತ್ತಿತ್ತು. ಅದರ ಮುಂದೆ ಓರೆಯಾಗಿ ಎರಡು ಗೀಟು. ಬೇರೇನೂ ಇಲ್ಲ.

ಮೊದಲ ಸಲ ಆ ಗೀಟು ಕಂಡಾಗ ಜಲಜಾಳ ಕೈ ನಿಂತಿತು. ಟೈಪಿಂಗ್ ಶಾಲೆಯಲ್ಲಿ ಕಲಿಸಿದ್ದರು: ಎರಡು ಗೀಟು ಎಂದರೆ ಡಿಟ್ಟೋ, ಮೇಲಿನ ಸಾಲಿನಲ್ಲಿರುವುದೇ ಇಲ್ಲೂ ಎಂದು. ಆದರೆ ತೂಕವೂ ಅದೇ, ಹಿಗ್ಗೂ ಅದೇ ಇರುತ್ತದೆಯೇ? ಏಕಾಂತಯ್ಯನವರನ್ನು ಕೇಳಿದಳು. ಅವರು ಫೋನಿನಲ್ಲಿದ್ದರು. ರಿಸೀವರಿಗೆ ಕೈ ಅಡ್ಡ ಹಿಡಿದು, "ಡಿಟ್ಟೋ ಇರಬೇಕವ್ವ. ಒಂದೇ ಬ್ಯಾಚಿನವು ಒಂದೇ ತರ ಇರ್ತಾವ. ಮೇಲಿಂದೇ ಹಾಕು," ಎಂದರು.

ಹಾಕಿದಳು. ಮರುದಿನ ಮತ್ತೊಂದು ಕಂಡಾಗಲೂ ಕೈ ನಿಂತಿತು. ಬೈರಯ್ಯನನ್ನೇ ಒಂದು ಮಾತು ಕೇಳಬೇಕೆಂದುಕೊಂಡಳು. ಶೆಡ್ಡಿಗೆ ಹೋಗಬೇಕು, ಪಂಪಿನ ಸದ್ದಿನಲ್ಲಿ ಕೂಗಬೇಕು. ನಾಳೆ ಕೇಳೋಣ ಎಂದು ಬಿಟ್ಟಳು. ಆ ಮೊದಲ ವಾರಗಳಲ್ಲಿ ಗೀಟು ಬಂದಾಗಲೆಲ್ಲ ಅವಳ ಬೆರಳು ಒಂದು ಗಳಿಗೆ ಗಾಳಿಯಲ್ಲಿ ನಿಂತು ಆಮೇಲೆ ಇಳಿಯುತ್ತಿತ್ತು. ಆ ಒಂದು ಗಳಿಗೆಯನ್ನು ಅವಳು ಈಗ ಎಷ್ಟು ನೆನೆಯುತ್ತಾಳೋ!

ಜೂನ್ ಕೊನೆಯಲ್ಲಿ ಅವಳು ಮ್ಯಾಕ್ರೋ ಬರೆದಳು. ಕಂಪ್ಯೂಟರ್ ತರಗತಿಯಲ್ಲಿ ಅದರ ಬಗ್ಗೆ ಒಂದೇ ಒಂದು ಪಾಠ ಆಗಿತ್ತು. ನಾವು ದಿನವೂ ಒತ್ತುವ ಕೀಗಳನ್ನೇ ಲೋಟಸ್ ಎಂಬ ಲೆಕ್ಕದ ಪ್ರೋಗ್ರಾಮಿನ ಹಾಳೆಯ ಒಂದು ಮೂಲೆಯಲ್ಲಿ ಒಂದರ ಕೆಳಗೊಂದು ಬರೆದಿಟ್ಟರೆ, ಆ ಬರಹವನ್ನು ಕಂಪ್ಯೂಟರು ತಾನೇ ಓದಿಕೊಂಡು, ನಮ್ಮ ಬೆರಳಿಲ್ಲದೆ ಆ ಕೀಗಳನ್ನೆಲ್ಲ ಒತ್ತುತ್ತದೆ. ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಹಾಳೆಯ ಬಲತುದಿಯಲ್ಲಿ ಯಾರ ಕಣ್ಣೂ ಹೋಗದ ಜಾಗದಲ್ಲಿ ಅದನ್ನು ಕೂರಿಸಿದಳು. ಕೆಳಗೆ ಇಳಿ. ಬಲಕ್ಕೆ ಸರಿ. ಚೌಕದ ಮನೆ ಖಾಲಿ ಇದ್ದರೆ ಮೇಲಿನ ಮನೆಯಲ್ಲಿರುವುದನ್ನು ತಂದು ತುಂಬು. ಹಿಗ್ಗು ಮಿತಿಯೊಳಗಿದ್ದರೆ ಪಾಸ್ ಎಂದು ಬರೆ. ಮತ್ತೆ ಕೆಳಗೆ ಇಳಿ. ಎಂಟರ್ ಒತ್ತುವುದಕ್ಕೆ ಅಲೆಯಂಥ ಒಂದು ಪುಟ್ಟ ಗೆರೆ. ಅದಕ್ಕೆ ತನ್ನ ಹೆಸರಿನ ಮೊದಲಕ್ಷರವನ್ನೇ ಕೊಟ್ಟಳು. ಆಲ್ಟ್ ಕೀ ಹಿಡಿದು ಜೆ ಒತ್ತಿದರೆ ಸಾಕು.

ಒತ್ತಿದಳು. ಹಸಿರು ಚೌಕ ತಾನಾಗಿ ಚಲಿಸತೊಡಗಿತು. ಯಾರೋ ಕಾಣದವರು ಪಕ್ಕದಲ್ಲಿ ಕೂತು ಟೈಪು ಮಾಡುತ್ತಿರುವ ಹಾಗೆ ಸಾಲುಗಳು ತುಂಬಿಕೊಳ್ಳುತ್ತ ಹೋದವು. ಬಾಗಿಲಲ್ಲಿ ನಿಂತಿದ್ದ ಅಂಜಿನಯ್ಯ ಒಂದು ಹೆಜ್ಜೆ ಹಿಂದೆ ಸರಿದ.

"ಏನ್ ಮೇಡಮ್ಮೋರೆ ಇದು? ಮೈಮೇಲೆ ಬಂದಂಗೆ ಆಡ್ತೈತೆ!"

"ನಾನೇ ಹೇಳಿಕೊಟ್ಟಿದ್ದು ಅಂಜಿನಯ್ಯ. ನಾನು ಮಾಡ್ತಿದ್ದದ್ದನ್ನೇ ಅದು ಮಾಡುತ್ತೆ."

"ನೀವು ಮಾಡ್ದೇ ಇರೋದನ್ನೂ ಮಾಡಿಬಿಟ್ರೆ?"

ಅವಳು ನಕ್ಕಳು. ಏಕಾಂತಯ್ಯ ಬಂದು ನೋಡಿ ಭೇಷ್ ಎಂದರು. ಎರಡು ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಇಳಿದಿತ್ತು. ಅವಳು ರಿಜಿಸ್ಟರು ನೋಡಿ ಇರುವ ಅಂಕಿಗಳನ್ನು ಹಾಕುವಳು. ಗೀಟು ಇದ್ದ ಕಡೆ ಖಾಲಿ ಬಿಟ್ಟು ಮುಂದೆ ಹೋಗುವಳು. ಉಳಿದದ್ದು ಮ್ಯಾಕ್ರೋದ ಪಾಲು. ಕೈ ನಿಲ್ಲುತ್ತಿದ್ದ ಜಾಗವೇ ಈಗ ಇರಲಿಲ್ಲ. ಬೈರಯ್ಯನನ್ನು ಕೇಳಬೇಕಾದ ಮಾತೂ ಅದರ ಜೊತೆಗೇ ಹೋಯಿತು. ಮಧ್ಯಾಹ್ನ ಗೋಡೆಯಾಚೆಯಿಂದ ಅಂಜಿನಯ್ಯನ ಸುತ್ತಿಗೆ ಠಣ್, ಠಣ್ ಎನ್ನುವಾಗ ಅವಳು ಡಬ್ಬಿ ತೆರೆದು ಊಟಕ್ಕೆ ಕೂರುತ್ತಿದ್ದಳು. ಪ್ರತಿ ಪೆಟ್ಟೂ ಅವಳ ಪಟ್ಟಿಯ ಒಂದು ಸಾಲು. ಆ ಸದ್ದು ಕೇಳುವುದು ಅವಳಿಗೆ ಹಿತವಾಗಿತ್ತು. ಮನಸ್ಸು ಹಿಗ್ಗುತ್ತಿತ್ತು.

ಆಗಸ್ಟಿನಲ್ಲಿ ಒಂದು ಫೋನು ಬಂತು. ಒಂದು ಪಾರ್ಟಿಯವರು. "ನಿಮ್ಮ ಪಟ್ಟಿಯಲ್ಲಿ ನಮ್ಮ ಹೆಸರಿಗೆ ಹನ್ನೊಂದು ಅಂತಿದೆ ಮೇಡಂ. ನಾವು ಕಳಿಸಿದ್ದು ಹತ್ತು, ವಾಪಸ್ ಬಂದಿದ್ದೂ ಹತ್ತು."

"ಪ್ರಿಂಟಿಂಗ್ ಮಿಸ್ಟೇಕ್ ಇರಬಹುದು ಸಾರ್," ಎಂದಳು ಜಲಜಾ. ತನ್ನ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬಂತೆಂದು ಆಗ ಅವಳಿಗೆ ಹೊಳೆಯಲಿಲ್ಲ.

ಅಂಜಿನಯ್ಯ ಒಂದು ದಿನ ಗೊಣಗಿದ. "ಕಾಂಪೌಂಡ್ ಗೋಡೆ ಪಕ್ಕ ನಿಲ್ಸಿರೋವನ್ನೂ ಪಟ್ಟಿಗೆ ಹಾಕ್ತೀರಲ್ಲ ಮೇಡಮ್ಮೋರೆ. ಗುರುಸಿದ್ದಯ್ಯನೋರ ಕಾಲದಲ್ಲಿ ಅವು ಹಂಗೇ ವಾಪಸ್ ಹೋಗ್ತಿದ್ದೋ. ಈಗ ಅಲ್ಲಿಂದ ಉರುಳಿಸ್ಕೊಂಡು ಬಂದು ಹೊಡೀಬೇಕು. ಸೊಂಟ ಬಿದ್ದೋಯ್ತು."

"ಪಟ್ಟಿಯಲ್ಲಿ ಇದೆ ತಾನೆ?"

"ಇದೆ. ಮಿಷನ್ನು ಹೇಳಿದ ಮೇಲೆ ನಮ್ದೇನು."

ಮಾತು ಅಲ್ಲಿಗೆ ಮುಗಿಯಿತು. ಮನೆಗೆ ಹೋದಾಗ ದೊಡ್ಡಮ್ಮ ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತು, ಅಂದಿನ ತಾರೀಖಿನ ಮೇಲೆ ಪೆನ್ಸಿಲಿನಿಂದ ಗೀಟು ಎಳೆಯುತ್ತಿದ್ದರು. ಅಂದು ಹಾಲಿನವನು ಬಂದಿರಲಿಲ್ಲ. ಜಲಜಾ ಅದನ್ನು ದಿನವೂ ನೋಡುತ್ತಿದ್ದಳು. ನೋಡಿ, ಚಹಾಕ್ಕೆ ನೀರಿಡುತ್ತಿದ್ದಳು.

ಆಯುಧಪೂಜೆಯ ದಿನ ಶೆಡ್ಡನ್ನು ತೊಳೆದು ಪಂಪಿಗೆ ಹೂವು ಕಟ್ಟಿದರು. ಕಂಪ್ಯೂಟರಿಗೂ ಏಕಾಂತಯ್ಯನವರೇ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಕೀಬೋರ್ಡಿನ ಪಕ್ಕ ನಿಂಬೆಹಣ್ಣು ಇಟ್ಟರು. ಅಂದು ಮೊದಲ ಬಾರಿಗೆ ಬೈರಯ್ಯ ಆ ಕೋಣೆಯೊಳಗೆ ಕಾಲಿಟ್ಟ. ಒಗೆದ ಬಿಳಿ ಷರಟು, ಒಣಗಿದ ಕೈ. ಪ್ರಸಾದ ತೆಗೆದುಕೊಂಡು ಏನು ಮಾಡಬೇಕೋ ತಿಳಿಯದೆ, ಮೇಜಿನ ಮೇಲಿದ್ದ ಪ್ರಿಂಟಿನ ಉದ್ದ ಕಾಗದದ ಮೇಲೆ ಕಣ್ಣಾಡಿಸಿದ. ಅವನಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಅಂಕಿಗಳು ಬರುತ್ತಿದ್ದವು. ಇಪ್ಪತ್ತು ವರ್ಷದಿಂದ ಉಕ್ಕಿನ ಮೇಲೆ ಅವನ್ನೇ ಓದಿದವನು. ಅವನ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ತಾಯಿ, ಈ ನಂಬರಿಗೆ ತೂಕ ಎಲ್ಲಿಂದ ಬಂತು? ನಾನು ಬರ್ದೇ ಇಲ್ವಲ್ಲ."

"ಎರಡು ಗೀಟು ಹಾಕಿದ್ರಲ್ಲ ಬೈರಯ್ಯನೋರೆ. ಮೇಲಿಂದೇ ಅಂತ."

"ಮೇಲಿಂದಾ?" ಅವನು ಅವಳ ಮುಖವನ್ನೇ ನೋಡಿದ. "ಗೀಟು ಅಂದ್ರೆ ಇಲ್ಲ ಅಂತ ಕಣವ್ವಾ. ಮನೇಲಿ ಹಾಲು ಬರದೇ ಇದ್ದ ದಿನ ಗೀಟು ಎಳಿಯಲ್ವಾ? ಹಂಗೆ. ಪರೀಕ್ಷೆ ಆಗಿಲ್ಲ, ಮಾಡೋ ಸ್ಥಿತೀಲಿಲ್ಲ ಅಂತ. ಗುರುಸಿದ್ದಯ್ಯನೋರಿಗೆ ಗೊತ್ತಿತ್ತು. ಪಟ್ಟಿಗೆ ಸೇರಿಸ್ತಿರ್ಲಿಲ್ಲ."

ಕೋಣೆಯಲ್ಲಿ ಊದುಬತ್ತಿಯ ಹೊಗೆ ಇತ್ತು. ಕಂಪ್ಯೂಟರಿನ ಪರದೆಯ ಮೇಲಿನ ಕುಂಕುಮ ಬಿಸಿಗೆ ಸ್ವಲ್ಪ ಕರಗಿ ಕೆಳಗೆ ಜಾರಿತ್ತು. ಜಲಜಾಳಿಗೆ ಅಡುಗೆಮನೆಯ ಕ್ಯಾಲೆಂಡರು, ಅದರ ತಾರೀಖುಗಳ ಮೇಲಿನ ಪೆನ್ಸಿಲಿನ ಗೀಟುಗಳು ಒಂದೊಂದಾಗಿ ಕಣ್ಣಿಗೆ ಬಂದವು.

"ಮಾಡೋ ಸ್ಥಿತೀಲಿಲ್ಲ ಅಂದ್ರೆ?"

"ಕೆಲವಕ್ಕೆ ವಾಲ್ವು ಬಿಚ್ಚೋಕಾಗಲ್ಲ. ಕೆಲವು ನೋಡಿದ್ರೇ ಗೊತ್ತಾಗ್ತದೆ, ಮುಟ್ಟಬಾರ್ದು ಅಂತ. ಅಂಥವ್ನೇ ಗೋಡೆ ಪಕ್ಕ ನಿಲ್ಸೋದು ನಾನು." ಕಾಗದದಿಂದ ಬೆರಳು ಎತ್ತಿ ಅವನೇ ಕೇಳಿದ. "ಅವು ವಾಪಸ್ ಹೋಗ್ತಾ ಇದಾವೆ ಅಂದ್ಕೊಂಡಿದ್ದೆ. ಹೊಡೆದು ಕಳಿಸ್ತಾ ಇದೀರಾ?"

ಜಲಜಾ ಆ ಪ್ರಿಂಟಿನ ಕಾಗದವನ್ನು ಮಡಚಿ ಕೈಗೆತ್ತಿಕೊಂಡಳು.

ಅಂದೇ ಏಕಾಂತಯ್ಯನವರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಅವರು ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಕುಗ್ಗಿದರು. ಆಮೇಲೆ ಬಹಳ ಮೆಲ್ಲಗೆ ಮಾತಾಡಿದರು.

"ಹಬ್ಬದ ದಿನ ಇಂಥಾ ಮಾತು ಬ್ಯಾಡ ತಂಗಿ. ಐದು ತಿಂಗಳಾತು, ಏನರ ಆತೇನು? ಏನೂ ಆಗಿಲ್ಲ. ಆಗೂದೂ ಇಲ್ಲ. ಇನ್ನ ಮ್ಯಾಲೆ ತಿದ್ದಿಕೋ. ಹಳೇ ಸಾಲು ಅಳಿಸಿಬಿಡು."

"ಅಳಿಸಿದ್ರೆ ಯಾವ ಸಿಲಿಂಡರ್ ಅಂತ ಗೊತ್ತಾಗಲ್ಲ ಸಾರ್."

"ಅದಕ್ಕ ಅಳಿಸು ಅಂದಿದ್ದು."

ಮರುದಿನ ಅವರು ಅಣ್ಣನ ಮಗಳ ಮದುವೆಗೆಂದು ದಾವಣಗೆರೆಗೆ ಹೋದರು. ಬರುವುದು ಇನ್ನು ಹತ್ತು ದಿನದ ಮೇಲೆ.

ಜಲಜಾ ಹಾಳೆ ತೆರೆದು ಕೂತಳು. ಅಳಿಸುವುದಿರಲಿ, ಹುಡುಕುವುದಕ್ಕೂ ದಾರಿ ಇರಲಿಲ್ಲ. ಬೈರಯ್ಯ ಅಳೆದು ಬರೆದ ಅಂಕಿಯೂ ಮ್ಯಾಕ್ರೋ ತಂದು ತುಂಬಿದ ಅಂಕಿಯೂ ಪರದೆಯ ಮೇಲೆ ಒಂದೇ ಹಸಿರು. ಯಾವುದು ಕಂಡದ್ದು, ಯಾವುದು ಕಾಣದ್ದು ಎಂದು ಅದು ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಡು ಎಂದು ಅವಳೂ ಹೇಳಿರಲಿಲ್ಲ. ಕೊನೆಗೆ ಕಂಪ್ಯೂಟರ್ ಆರಿಸಿ, ಐದು ತಿಂಗಳ ರಿಜಿಸ್ಟರನ್ನು ಮೇಜಿನ ಮೇಲಿಟ್ಟು, ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ನೀರಿನ ಕಲೆ ಬಿದ್ದ ಪುಟಗಳು. ದುಂಡಗಿನ ಅಕ್ಷರಗಳ ನಡುವೆ ಆ ಗೀಟುಗಳು. ಮಾತಾಡಲು ಹೊರಟು ಬಾಯಿ ಮುಚ್ಚಿಕೊಂಡವನ ಹಾಗೆ ಅವು ಅವಳನ್ನು ನೋಡಿದವು. ಹತ್ತೊಂಬತ್ತು ಇದ್ದವು.

ಆ ಹತ್ತೊಂಬತ್ತು ನಂಬರು, ಅವುಗಳ ಪಾರ್ಟಿ, ವಿಳಾಸಗಳನ್ನು ಒಂದು ಪಟ್ಟಿ ಮಾಡಿದಳು. ಬೇರೊಂದು ಕಡೆ ಒಂದೇ ಒಂದು ಪತ್ರ ಬರೆದಳು: ಈ ಕೆಳಗಿನ ನಂಬರಿನ ಸಿಲಿಂಡರಿನ ಪರೀಕ್ಷೆ ಆಗಿಲ್ಲ, ಗುರುತು ತಪ್ಪಾಗಿ ಬಿದ್ದಿದೆ, ದಯವಿಟ್ಟು ಅದರಲ್ಲಿ ಗ್ಯಾಸ್ ತುಂಬಿಸಬೇಡಿ, ತುಂಬಿದ್ದರೆ ಬಳಸಬೇಡಿ, ಉರುಳಿಸಬೇಡಿ, ನಮಗೆ ತಿಳಿಸಿ. ಹೆಸರಿನ ಜಾಗ, ನಂಬರಿನ ಜಾಗ ಖಾಲಿ. ಪಟ್ಟಿಯಿಂದ ಒಂದೊಂದೇ ಹೆಸರು ಎತ್ತಿ ಪತ್ರದಲ್ಲಿ ಕೂರಿಸುವ ವಿದ್ಯೆಯೂ ಅದೇ ತರಗತಿಯಲ್ಲಿ ಕಲಿತದ್ದೇ. ಪ್ರಿಂಟರು ಕರ್ ಕರ್ ಎಂದು ಪತ್ರ ಹೊರಹಾಕತೊಡಗಿತು. ಈ ಸಲ ಅವಳು ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು, ರಿಜಿಸ್ಟರಿನ ಜೊತೆ ಹೋಲಿಸಿ, ಎರಡು ಸಲ ಓದಿದಳು. ಕೆಳಗೆ ತನ್ನದೇ ಹೆಸರು ಬರೆದು ಸಹಿ ಹಾಕಿದಳು.

"ನಾನೂ ಹಾಕ್ಲಾ?" ಎಂದ ಬೈರಯ್ಯ. ಅವನು ಗಾಜಿನ ಬಾಗಿಲಲ್ಲಿ ನಿಂತಿದ್ದ, ಒದ್ದೆ ಕೈ ಬೆನ್ನ ಹಿಂದೆ ಇಟ್ಟುಕೊಂಡು.

"ನಿಮ್ಮದೇನೂ ತಪ್ಪಿಲ್ಲ ಬೈರಯ್ಯನೋರೆ."

"ಗೀಟು ನಂದೇ ಅಲ್ವಾ ತಾಯಿ."

ನಾಲ್ಕನೆಯ ದಿನದಿಂದ ಸಿಲಿಂಡರುಗಳು ಬರತೊಡಗಿದವು. ಲಾರಿಯಲ್ಲಿ, ಆಟೋದಲ್ಲಿ, ಒಂದು ಕೈಗಾಡಿಯಲ್ಲೂ. ಬಂದವರು ಬೈದರು. ಒಬ್ಬರು ಪೊಲೀಸರಿಗೆ ಹೇಳುತ್ತೇನೆಂದರು. ಇನ್ನೊಬ್ಬರು, ವಯಸ್ಸಾದವರು, ಬೈಯದೆ, ಆ ಸಿಲಿಂಡರಿನ ಪಕ್ಕ ತನ್ನ ಮೊಮ್ಮಗಳು ಕೂತು ಹೋಮ್‌ವರ್ಕ್ ಬರೆಯುತ್ತಿದ್ದಳೆಂದಷ್ಟೇ ಹೇಳಿ ಹೋದರು. ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಹತ್ತನೆಯ ದಿನಕ್ಕೆ ಗೋಡೆಯ ಪಕ್ಕ ಹದಿನೆಂಟು ಸಿಲಿಂಡರು ಸಾಲಾಗಿ ನಿಂತಿದ್ದವು.

ಏಕಾಂತಯ್ಯ ಬಸ್ಸಿಳಿದು ನೇರವಾಗಿ ಶೆಡ್ಡಿಗೆ ಬಂದರು. ಸಾಲನ್ನು ನೋಡಿದರು. ಯಾರು ತರಿಸಿದ್ದೆಂದು ಕೇಳಲಿಲ್ಲ. ಬೈರಯ್ಯ ವಾಲ್ವುಗಳನ್ನು ಹೇಗೋ ಬಿಚ್ಚಿ, ಒಂದೊಂದನ್ನೇ ಗುಂಡಿಗೆ ಇಳಿಸುತ್ತಿದ್ದ. ಹದಿನಾರು ಪಾಸಾದವು. ಹದಿನೇಳನೆಯದು ಹಿಗ್ಗಿತು, ಒತ್ತಡ ಇಳಿಸಿದ ಮೇಲೂ ಕುಗ್ಗಲಿಲ್ಲ. ಹದಿನೆಂಟನೆಯದಕ್ಕೆ ಒತ್ತಡ ಅರ್ಧ ಏರುವಷ್ಟರಲ್ಲೇ ಗುಂಡಿಯೊಳಗಿಂದ ಒಂದು ಮಂಕಾದ ಸದ್ದು ಬಂತು. ನೆಲ ಒಮ್ಮೆ ಅದುರಿತು. ಮೇಲೆತ್ತಿ ನೋಡಿದರೆ ಸಿಲಿಂಡರಿನ ಹೊಟ್ಟೆ ಒಂದು ಮೊಳ ಉದ್ದಕ್ಕೆ ಬಾಯಿ ಬಿಟ್ಟಿತ್ತು. ಒಳಗಿದ್ದದ್ದು ನೀರು, ಅದಕ್ಕೇ ಎಲ್ಲರೂ ನಿಂತಿದ್ದರು. ಗ್ಯಾಸಾಗಿದ್ದರೆ ಶೆಡ್ಡೇ ಉಳಿಯುತ್ತಿರಲಿಲ್ಲ.

ಏಕಾಂತಯ್ಯ ಬಗ್ಗಿ ಆ ಸೀಳಿನ ಅಂಚಿನ ಮೇಲೆ ಬೆರಳಾಡಿಸಿದರು. ಆಮೇಲೆ ಆಫೀಸಿಗೆ ಬಂದು, ಚಪ್ಪಲಿ ಬಿಡುವುದನ್ನೂ ಮರೆತು, ಕಂಪ್ಯೂಟರ್ ಕೋಣೆಯಲ್ಲಿ ನಿಂತು, ಮೇಜಿನ ಮೇಲಿದ್ದ ಪತ್ರದ ಪ್ರತಿಗಳನ್ನು ಎತ್ತಿ ನೋಡಿದರು.

"ಪತ್ರಕ್ಕ ನಿನ್ನ ಹೆಸರು ಹಾಕಿದ್ದೀ?"

"ಹೌದು ಸಾರ್."

"ನಂದು ಹಾಕಬೇಕಿತ್ತವ್ವ." ಅವರು ಪ್ರತಿಗಳನ್ನು ಒಂದೊಂದಾಗಿ ಎಣಿಸಿದರು. "ಹತ್ತೊಂಬತ್ತನೇದು ಎಲ್ಲಿ?"

ಅದು ಏಳು ಏಳು ಒಂದು ನಾಲ್ಕು. ಅದರ ಪತ್ರ ಹೋದದ್ದು ಆಗಸ್ಟಿನಲ್ಲಿ ಫೋನು ಮಾಡಿದ್ದ ಪಾರ್ಟಿಗೇ. ಅವರು ಹಿಂತಿರುಗಿ ಫೋನು ಮಾಡಿ ಸಿಡಿಮಿಡಿಗೊಂಡರು. "ಆಗಲೇ ಹೇಳಿದ್ನಲ್ಲ ಮೇಡಂ, ಅದು ನಮ್ಮದಲ್ಲ ಅಂತ." ಜಲಜಾ ರಿಜಿಸ್ಟರು ತೆರೆದಳು. ಆ ಪಾರ್ಟಿಯ ಹತ್ತು ಸಿಲಿಂಡರು ಮುಗಿದ ಮೇಲೆ, ಮುಂದಿನವರ ಹೆಸರು ಶುರುವಾಗುವ ಮೊದಲು, ಆ ಸಾಲು ಒಂಟಿಯಾಗಿ ನಿಂತಿತ್ತು. ನಂಬರು, ಎರಡು ಗೀಟು. ಹೆಸರೂ ಇಲ್ಲ. ಮ್ಯಾಕ್ರೋ ಮೇಲಿನ ಸಾಲಿನಿಂದ ತೂಕ ತಂದಿತ್ತು, ಹಿಗ್ಗು ತಂದಿತ್ತು, ಹೆಸರನ್ನೂ ತಂದಿತ್ತು. ಆ ಸಿಲಿಂಡರು ಯಾರದೆಂದು ಹೇಳಬಹುದಾದ ಒಂದು ಖಾಲಿ ಮನೆಯನ್ನು ಬೇರೆಯವರ ಹೆಸರಿನಿಂದ ಮುಚ್ಚಿಬಿಟ್ಟಿತ್ತು. ಫೋನು ಬಂದ ದಿನ ಒಂದು ಸಲ ಎದ್ದು ಶೆಡ್ಡಿಗೆ ಹೋಗಿದ್ದರೆ, ಅದು ಇನ್ನೂ ಕಾಂಪೌಂಡಿನೊಳಗೇ ಇರುತ್ತಿತ್ತೋ ಏನೋ.

ಬೈರಯ್ಯನಿಗೆ ಅದರ ನೆನಪಿತ್ತು. "ಕೊರಳಿಗೆ ಕಟ್ಟಿದ್ದ ಚೀಟಿ ನೆಂದು ಹೋಗಿತ್ತು ತಾಯಿ. ಹೆಸರು ಕಾಣ್ಲಿಲ್ಲ, ಬರೀಲಿಲ್ಲ. ಹಳೇ ಸಿಲಿಂಡ್ರು. ಬುಡದಲ್ಲಿ ತುಕ್ಕು. ಹಿಂಗೆ ಒತ್ತಿದ್ರೆ ಹೆಬ್ಬೆರಳಿನ ಉಗುರು ಒಳಗೆ ಇಳೀತಿತ್ತು." ಅವನು ತನ್ನ ಸುಕ್ಕುಗಟ್ಟಿದ ಹೆಬ್ಬೆರಳನ್ನು ಎತ್ತಿ ತೋರಿಸಿದ.

ಅಂಜಿನಯ್ಯ ನೆಲ ನೋಡುತ್ತ ಹೇಳಿದ. "ಒಬ್ಬ ಬಂದಿದ್ದ. ಲಗೇಜ್ ಆಟೋ. ನಮ್ದು ಒಂದೇ ಒಂದು ಅಣ್ಣ, ಆಯ್ತಾ ಅಂದ. ಗೇಟ್ ಹತ್ರ ನಿಂತಿತ್ತಲ್ಲ, ಹೊಡೆದಾಗಿತ್ತು, ಬಣ್ಣಾನೂ ಬಳಿದಿದ್ದೆ. ಎತ್ತಿ ಕೊಟ್ಟೆ." ಗೇಟಿನ ಪುಸ್ತಕದಲ್ಲಿ ಅವನದೇ ಅಕ್ಷರ: ಒಂದು ಸಿಲಿಂಡರ್, ಆಟೋ. ಅಷ್ಟೇ.

"ಯಾವ ಕಡೆ ಹೋದ ಅಂತ ಏನಾದ್ರೂ..."

"ಮೈಸೂರು ರೋಡ್ ಕಡೆ ಅಂತ ಏನೋ ಅಂದಂಗಿತ್ತು ಮೇಡಮ್ಮೋರೆ. ಸರಿಯಾಗಿ ಜ್ಞಾಪಕ ಇಲ್ಲ."

ಏಕಾಂತಯ್ಯ ತಮ್ಮ ಹಳೆಯ ಕಾರಿನಲ್ಲಿ ಅವಳನ್ನೂ ಬೈರಯ್ಯನನ್ನೂ ಕೂರಿಸಿಕೊಂಡು ಎರಡು ತಿಂಗಳು ಭಾನುವಾರಗಳಲ್ಲೆಲ್ಲ ತಿರುಗಿದರು. ವಿಜಯನಗರದ ಗ್ರಿಲ್ ಅಂಗಡಿಗಳು, ನಾಯಂಡಹಳ್ಳಿಯ ಗ್ಯಾರೇಜುಗಳು. ಗ್ಯಾಸ್ ತುಂಬುವ ಕಡೆಗಳಿಗೆಲ್ಲ ನಂಬರು ಕೊಟ್ಟು ಬಂದರು. ಈ ಸಲ ಪತ್ರದ ಕೆಳಗೆ ಅವರದೇ ಸಹಿ. ಎಲ್ಲೂ ಸಿಗಲಿಲ್ಲ. ಆಮೇಲೆ ಅವರಿಗೆ ಸಕ್ಕರೆ ಕಾಯಿಲೆ ಜೋರಾಗಿ ಓಡಾಟ ನಿಂತಿತು. ಪಾರ್ಟಿಗಳು ಅರ್ಧಕ್ಕಿಂತ ಕಡಿಮೆಯಾದವು. ಜಲಜಾಳನ್ನು ಯಾರೂ ಕೆಲಸದಿಂದ ಬಿಡಿಸಲಿಲ್ಲ. ಅವಳು ಮ್ಯಾಕ್ರೋವನ್ನು ತಿದ್ದಿ ಬರೆದಳು. ಈಗ ಖಾಲಿ ಮನೆ ಕಂಡರೆ ಅದು ಬೀಪ್ ಎಂದು ಕೂಗಿ ನಿಲ್ಲುತ್ತದೆ. ಅವಳು ಎದ್ದು, ಚಪ್ಪಲಿ ಮೆಟ್ಟಿ, ಶೆಡ್ಡಿಗೆ ನಡೆದು, ಪಂಪಿನ ಸದ್ದಿನಲ್ಲಿ ಬೈರಯ್ಯನನ್ನು ಕೂಗಿ ಕೇಳಿ ಬರುವವರೆಗೆ ಮುಂದಿನ ಸಾಲಿಗೆ ಹೋಗುವುದಿಲ್ಲ. ಸುತ್ತಿಗೆಯ ಸದ್ದಿಗೆ ಈಗ ಅವಳಿಗೆ ತುತ್ತು ಇಳಿಯುವುದಿಲ್ಲ. ಡಬ್ಬಿ ಮುಚ್ಚಿಟ್ಟು ಅದು ಮುಗಿಯುವುದನ್ನು ಕಾಯುತ್ತಾಳೆ.

ಮೊನ್ನೆ ಆಷಾಢದ ಒಂದು ಸಂಜೆ, ದೊಡ್ಡಮ್ಮನ ಪರಿಚಯದವರ ಮನೆಗೆಂದು ಕೆಂಗೇರಿ ಉಪನಗರಕ್ಕೆ ಹೋಗಿದ್ದಳು. ಗಾಳಿ ಜೋರಾಗಿತ್ತು. ಬಸ್ ನಿಲ್ದಾಣದ ಪಕ್ಕ ಹೊಸದಾಗಿ ತೆರೆದ ಒಂದು ವೆಲ್ಡಿಂಗ್ ಅಂಗಡಿ. ಹೊರಗೆ ಗೋಡೆಗೆ ಒರಗಿಸಿದ ಕಪ್ಪು ಸಿಲಿಂಡರು. ಬಸ್ಸಿಗೆ ಕಾಯುವವರು ಅದಕ್ಕೇ ಬೆನ್ನು ಕೊಟ್ಟು ನಿಂತಿದ್ದರು. ಅದರ ಹೆಗಲ ಮೇಲೆ ಬಣ್ಣ ದಪ್ಪವಾಗಿ ಬಿದ್ದಿತ್ತು. ತಿಂಗಳು, ವರ್ಷ ಮಾತ್ರ ಕಾಣುತ್ತಿತ್ತು: ಎಂಟು, ಎಂಬತ್ತೆಂಟು.

ಜಲಜಾ ಬ್ಯಾಗಿನಿಂದ ಹೇರ್‌ಪಿನ್ನು ತೆಗೆದು ಬಗ್ಗಿ ಬಣ್ಣ ಕೆರೆಯತೊಡಗಿದಳು.

"ಏನಕ್ಕಾ, ಸಿಲಿಂಡರಿಗೆ ಹೇನು ನೋಡ್ತಾ ಇದೀರಾ?" ಎಂದ ಅಂಗಡಿಯವನು. ನಿಂತಿದ್ದವರು ನಕ್ಕರು.

"ಒಂದು ನಿಮಿಷ ಅಣ್ಣ. ನೀವೆಲ್ಲ ಸ್ವಲ್ಪ ಆ ಕಡೆ ನಿಲ್ತೀರಾ?"

ಅವಳ ದನಿಯಲ್ಲಿ ಏನಿತ್ತೋ, ನಗು ನಿಂತಿತು. ಒಬ್ಬೊಬ್ಬರಾಗಿ ಸರಿದರು. ಮೊದಲು ಏಳು ಬಂತು. ಇನ್ನೊಂದು ಏಳು. ಅವಳ ಕೈ ಗಾಳಿಯಲ್ಲಿ ನಿಂತಿತು, ಹಿಂದೆ ಗೀಟು ಕಂಡಾಗ ನಿಲ್ಲುತ್ತಿದ್ದ ಹಾಗೆ. ಮತ್ತೆ ಕೆರೆದಳು. ಮೂರನೆಯದು ನಾಲ್ಕು. ಕೊನೆಯದು ಒಂದು.

ಏಳು ಸಾವಿರದ ಏಳುನೂರ ನಲವತ್ತೊಂದು. ಇದು ಅವಳ ಪಟ್ಟಿಯ ಬೇರೊಂದು ಸಾಲು. ಬೈರಯ್ಯ ನೋಡಿ, ಅಳೆದು, ಪೂರ್ತಿ ಬರೆದದ್ದು. ಆದರೂ ಕೆಳಕ್ಕೆ ಕೂತು ಬುಡವನ್ನೆಲ್ಲ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಗಟ್ಟಿಯಾಗಿತ್ತು.

"ಒಳ್ಳೇದಿದೆ ಅಣ್ಣ," ಎಂದು ಎದ್ದಳು. "ಬಿಸಿಲಲ್ಲಿ ಇಡಬೇಡಿ. ಜನ ಒರಗೋ ಕಡೆ ಇಡಬೇಡಿ."

"ಟೆಸ್ಟಿಂಗ್ ಆಗಿದೆಯಕ್ಕ. ಸೀಲ್ ಇದೆಯಲ್ಲ ನೋಡಿ. ತೊಂಬತ್ತಮೂರರವರೆಗೂ ಯೋಚನೆ ಇಲ್ಲ."

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತಳು. ಮೈಸೂರು ರಸ್ತೆಯುದ್ದಕ್ಕೂ ಅಂಗಡಿಗಳಲ್ಲಿ ನೀಲಿ ಬೆಂಕಿ ಉರಿಯುತ್ತಿತ್ತು. ಎಷ್ಟೋ ಬಾಗಿಲುಗಳು, ಪ್ರತಿ ಬಾಗಿಲಲ್ಲೂ ಒಂದು ಕಪ್ಪು ಹೆಗಲು. ಓಡುವ ಬಸ್ಸಿನಿಂದ ಅಂಕಿ ಕಾಣುವುದಿಲ್ಲವೆಂದು ಗೊತ್ತಿದ್ದೂ ಅವಳು ಒಂದೊಂದನ್ನೂ ನೋಡಿದಳು. ಅಂಥದೇ ಸೀಲು ಏಳು ಏಳು ಒಂದು ನಾಲ್ಕರ ಹೆಗಲ ಮೇಲೂ ಇತ್ತು. ತೊಂಬತ್ತಮೂರಕ್ಕೆ ಇನ್ನೂ ನಾಲ್ಕು ವರ್ಷ ಇತ್ತು.